ಸಂಜಯನ ಕಣ್ಣೂ ಯೋಧನ ಕಿವಿಯೂ

ಮಹಾಭಾರತದ ಯುದ್ಧಪರ್ವಗಳನ್ನು ಓದಿದವರಿಗೆ ಸಂಜಯನು ಚಿರಪರಿಚಿತನು. ವ್ಯಾಸಮಹರ್ಷಿಗಳ ಅನುಗ್ರಹದಿಂದ ಅವನಿಗೆ ದಿವ್ಯದೃಷ್ಟಿಯು ದೊರೆತಿದ್ದಿತು. ಹಗಲು ನಡೆದುದೂ ಇರುಳು ನಡೆದುದೂ, ಬಯಲಾದುದೂ ಮರೆಯಾದುದೂ, ಕಡೆಗೆ ವೀರರ ಮನಸ್ಸಿನಲ್ಲಿ ಹೊಳೆದುದೂ ಅವನಿಗೆ ಗೋಚರವಾಗುತ್ತಿದ್ದಿತು. ಹದಿನೆಂಟು ಅಕ್ಷೋಹಿಣಿಯ ಸೈನ್ಯದಲ್ಲಿ ಮತ್ತಾರಿಗೂ ಇಲ್ಲದ ಈ ಸಾಮರ್ಥ್ಯವು ಕೌರವರ ಪಕ್ಷದವನೊಬ್ಬನಿಗೆ ಇದ್ದರೂ, ಅದರಿಂದ ಕೌರವರ ಸೇನೆಗೆ ಎಳ್ಳಷ್ಟು ಪ್ರಯೋಜನವೂ ಆಗಲಿಲ್ಲವೆಂಬುದನ್ನು ನಾವು ಸಾಮಾನ್ಯವಾಗಿ ಆಲೋಚಿಸುವುದಿಲ್ಲ.

ಹದಿನಾಲ್ಕನೆಯ ದಿನದ ಸಂಜೆಯನ್ನು ನೆನೆಯಬಹುದು. ಶ್ರೀಕೃಷ್ಣನ ಮಾಯೆಯಿಂದ ಕತ್ತಲೆ ಕವಿಯಿತು. ಸೂರ್ಯನು ಮುಳುಗಿದನೆಂದು ಕೌರವರು ಹರ್ಷಿಸಿದರು. ಅದುವರೆಗೆ ಮಹಾರಥರ ಮರೆಯಲ್ಲಿ ಅಡಗಿದ್ದ ಸೈಂಧವನು ತಲೆಯೆತ್ತಿ ಪಡುವಣ ದಿಕ್ಕನ್ನು ನೋಡಿದನು. ನೋಡಿದ ತಲೆಯು ಮರಳಿ ಕೆಳಗಾಗಲಿಲ್ಲ. ಸೂರ್ಯನಿನ್ನೂ ಮುಳುಗಿಲ್ಲವೆಂಬುದನ್ನು ಕಾಣಬಲ್ಲ ಕಣ್ಣು ಅವನ ಪಕ್ಷದಲ್ಲಿಯೇ ಒಂದು ಇದ್ದಿತು. ಆದರೆ ಆ ಕಣ್ಣು ಕಂಡುದು ಸೈಂಧವನ ಕಿವಿಗೆ ಮುಟ್ಟುವ ಮಾರ್ಗವಿರಲಿಲ್ಲ. ಸಂಜಯನ ಜ್ಞಾನವೆಲ್ಲವೂ ಹರಿಯುತ್ತಿದ್ದುದು ಹಸ್ತಿನಾವತಿಯ ಅರಮನೆಯ ಕಡೆಗೆ. ಅದೂ ಕಾರ್ಯವೆಲ್ಲ ಮುಗಿದ ತರುವಾಯ, ಕಥಾರೂಪವಾಗಿ. ನಾನು ಪಾಠಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ ಸಹಪಾಠಿಯೊಬ್ಬನು ಈ ಸಂದೇಹವನ್ನು ಗುರುಗಳ ಮುಂದಿಟ್ಟನು. ಅವರು ನಕ್ಕು, “ಅಯ್ಯಾ, ಸಂಜಯನಿಗೆ ಋಷಿಗಳು ಕಣ್ಣನ್ನು ಕೊಟ್ಟರು, ದೂತನನ್ನು ಕೊಡಲಿಲ್ಲ” ಎಂದರು. ಅಂದು ಅದು ವಿನೋದದ ಮಾತೆಂದು ತೋರಿತು. ಇಪ್ಪತ್ತನೆಯ ಶತಮಾನದ ಯುದ್ಧಗಳ ಚರಿತ್ರೆಯನ್ನು ಓದಿದಂತೆಲ್ಲ ಅದರಲ್ಲಿ ಒಂದು ಗಹನವಾದ ತತ್ತ್ವವಿರುವುದು ನನಗೆ ಮನದಟ್ಟಾಯಿತು. ಕಾಣುವುದು ಬೇರೆ, ಕಂಡುದನ್ನು ಕಾದುವವನಿಗೆ ಸಕಾಲದಲ್ಲಿ, ಅವನು ನಂಬಬಹುದಾದ ರೂಪದಲ್ಲಿ ಮುಟ್ಟಿಸುವುದು ಬೇರೆ. ಈ ಎರಡನೆಯ ಕಾರ್ಯದ ಚರಿತ್ರೆಯನ್ನು ವಾಚಕರ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶ.

ಒಬ್ಬನೇ ಕಂಡುದನ್ನು ನಂಬಬಾರದೆಂಬುದು ನಮ್ಮ ಪೂರ್ವಿಕರು ಚೆನ್ನಾಗಿ ಅರಿತಿದ್ದ ನೀತಿ. ಕೌಟಿಲ್ಯನ ಅರ್ಥಶಾಸ್ತ್ರವನ್ನು ಶೋಧಿಸಿ, ೧೯೦೯ರಲ್ಲಿ ಅಚ್ಚುಮಾಡಿಸಿ ಲೋಕಕ್ಕೆ ನೀಡಿದವರು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳೆಂಬುದು ಕನ್ನಡಿಗರೆಲ್ಲರೂ ಅಭಿಮಾನಪಡತಕ್ಕ ಸಂಗತಿ. ಆ ಗ್ರಂಥದ ಗೂಢಪುರುಷರ ಪ್ರಕರಣದಲ್ಲಿ ಒಂದು ವಿಧಿಯುಂಟು. ಚಾರರು ಒಬ್ಬರನ್ನೊಬ್ಬರು ಅರಿಯದಂತಿರಬೇಕು. ಹಾಗಿರುವ ಮೂವರ ಮಾತು ಒಂದಾದರೆ ಅರಸನು ಅದನ್ನು ನಂಬಬಹುದು. ಅವರ ಮಾತುಗಳು ಮೇಲಿಂದಮೇಲೆ ಹೊಂದದೆಹೋದರೆ ಅಂಥವರನ್ನು ಗುಟ್ಟಾಗಿ ದಂಡಿಸಿ ತೆಗೆದುಬಿಡಬೇಕು. ಇದರಲ್ಲಿ ಮುಖ್ಯವಾದುದು ಮೂರೆಂಬ ಸಂಖ್ಯೆಯಲ್ಲ. ಒಬ್ಬರನ್ನೊಬ್ಬರು ಅರಿಯದಿರಬೇಕೆಂಬ ನಿಯಮವು. ದ್ರೋಣಾಚಾರ್ಯರು ಮೋಸಹೋದುದು ಇಲ್ಲಿಯೇ. ಅಶ್ವತ್ಥಾಮನು ಸತ್ತನೆಂದು ಭೀಮನು ಕೂಗಿದಾಗ ಆಚಾರ್ಯರು ಒಡನೆಯೇ ನಂಬಲಿಲ್ಲ. ಎರಡನೆಯ ಸಾಕ್ಷಿಯಾಗಿ ಧರ್ಮರಾಯನನ್ನು ಕೇಳಿದರು. ಕೇಳಿದುದು ಯುಕ್ತವೇ. ಆದರೆ ಆ ಇಬ್ಬರು ಸಾಕ್ಷಿಗಳೂ ಮೊದಲೇ ಕೂಡಿ ಮಾತಾಡಿಕೊಂಡವರೆಂಬುದು ಅವರಿಗೆ ತಿಳಿಯಲಿಲ್ಲ.

ಹೀಗೆ ಹಲವು ಕಣ್ಣುಗಳಿಂದ ಕಂಡುದನ್ನು ಒಂದುಗೂಡಿಸಿ ನಿಜವನ್ನು ತಿಳಿಯುವ ವಿದ್ಯೆ ಹಳೆಯದು. ಆದರೆ ಕೌಟಿಲ್ಯನಲ್ಲಿಯೂ ಆ ತಿಳಿವು ಅರಸನ ಮಂತ್ರಾಲೋಚನೆಯ ಮನೆಗೆ ಹೋಗಿ ನಿಲ್ಲುತ್ತದೆ. ಯುದ್ಧಭೂಮಿಯಲ್ಲಿ ನಿಂತಿರುವವನಿಗೆ ಅದು ಮುಟ್ಟದಿದ್ದರೆ ಏನಾಗುವುದೆಂಬುದನ್ನು ತೋರಿಸಲು ೧೯೧೬ನೆಯ ಇಸವಿ ಮೇ ೩೧ನೆಯ ದಿನ ಉತ್ತರ ಸಮುದ್ರದಲ್ಲಿ ನಡೆದ ಜಟ್ಲೆಂಡ್ ನೌಕಾಯುದ್ಧಕ್ಕಿಂತ ಉತ್ತಮವಾದ ದೃಷ್ಟಾಂತವು ದೊರೆಯಲಾರದು.

ಆಗ ಲಂಡನ್ನಿನ ನೌಕಾಖಾತೆಯ ಕಟ್ಟಡದಲ್ಲಿ “ನಲವತ್ತನೆಯ ಕೋಣೆ” ಎಂದು ಹೆಸರಾದ ಒಂದು ಗುಪ್ತಕಾರ್ಯಾಲಯವಿತ್ತು. ಜರ್ಮನ್ ಹಡಗುಗಳು ರೇಡಿಯೋ ಮೂಲಕ ಕಳುಹಿಸುತ್ತಿದ್ದ ಸಂಕೇತವಾರ್ತೆಗಳನ್ನು ಅಲ್ಲಿಯ ಪಂಡಿತರು ಒಡೆದು ಓದುತ್ತಿದ್ದರು. ಆದರೆ ಸೈನ್ಯದ ಅಧಿಕಾರಿಗಳಿಗೆ ಈ ಪಂಡಿತರಲ್ಲಿ ಅಷ್ಟಾಗಿ ಗೌರವವಿರಲಿಲ್ಲ. ಅಂದು ನೌಕಾಖಾತೆಯ ಅಧಿಕಾರಿಯೊಬ್ಬನು ಕೋಣೆಗೆ ಬಂದು, ಜರ್ಮನ್ ಸೇನಾಪತಿಯ ಸಂಕೇತನಾಮದ ಧ್ವನಿ ಎಲ್ಲಿಂದ ಬರುತ್ತಿದೆಯೆಂದು ಮಾತ್ರ ಕೇಳಿದನು. ವಿಲ್‌ಹೆಲ್ಮ್ಸ್‌ಹಾಫೆನ್ ಬಂದರಿನಿಂದ ಎಂದು ಉತ್ತರ ಬಂದಿತು. ಆ ಸೇನಾಪತಿಯು ಸಮುದ್ರಕ್ಕೆ ಹೊರಡುವಾಗ ತನ್ನ ಸಂಕೇತನಾಮವನ್ನು ದಡದಲ್ಲಿರುವ ಕೇಂದ್ರಕ್ಕೆ ಬಿಟ್ಟುಹೋಗುವ ಪದ್ಧತಿಯುಂಟೆಂಬುದು ಕೋಣೆಯವರಿಗೆ ಗೊತ್ತಿದ್ದಿತು. ಆದರೆ ಅದನ್ನು ಅವರನ್ನು ಕೇಳಿದವರಿಲ್ಲ. ಶತ್ರುವಿನ ಮುಖ್ಯ ನೌಕಾಪಡೆಯು ಇನ್ನೂ ಬಂದರಿನಲ್ಲಿಯೇ ಇದೆಯೆಂಬ ವಾರ್ತೆಯು ಬ್ರಿಟಿಷ್ ನೌಕಾಧಿಪತಿ ಜೆಲಿಕೋವಿಗೆ ಹೋಯಿತು. ಕೆಲವೇ ಗಂಟೆಗಳಲ್ಲಿ ಆ ಪಡೆಯೇ ಅವನ ಕಣ್ಣೆದುರಿಗೆ ಬಂದು ನಿಂತಿತು.

ಅನರ್ಥವು ಅಷ್ಟಕ್ಕೇ ಮುಗಿಯಲಿಲ್ಲ. ಆ ರಾತ್ರಿ ಜರ್ಮನರು ಹಾರ್ನ್ಸ್ ರೀಫ್ ಮಾರ್ಗವಾಗಿ ತಪ್ಪಿಸಿಕೊಂಡು ಹೋಗುವರೆಂಬುದನ್ನು ಸೂಚಿಸುವ ಸಂದೇಶಗಳನ್ನು ಕೋಣೆಯವರು ಓದಿದರು. ಅವುಗಳಲ್ಲಿ ಮುಖ್ಯವಾದುದು ಜೆಲಿಕೋವಿಗೆ ಹೋಗಲೇ ಇಲ್ಲ. ಹೋದುದೊಂದನ್ನು ಅವನು ನಂಬಲಿಲ್ಲ. ಮಧ್ಯಾಹ್ನ ಸುಳ್ಳಾದ ಬಾಯಿಯ ಮಾತನ್ನು ರಾತ್ರಿ ನಂಬುವುದು ಹೇಗೆ? ಬೆಳಗಾಗುವಷ್ಟರಲ್ಲಿ ಜರ್ಮನ್ ನೌಕಾಪಡೆಯು ತನ್ನ ಬಂದರಿನ ಹಾದಿ ಹಿಡಿದಿದ್ದಿತು. ಆ ಯುದ್ಧದಲ್ಲಿ ಬ್ರಿಟಿಷರ ೧೪ ಹಡಗುಗಳೂ ಜರ್ಮನರ ೧೧ ಹಡಗುಗಳೂ ಮುಳುಗಿದವು. ಬ್ರಿಟಿಷರ ಕಡೆ ಮಡಿದವರೇ ಆರು ಸಾವಿರಕ್ಕೂ ಮೇಲ್ಪಟ್ಟರು. ಒಂದು ತಪ್ಪು ಸುದ್ದಿಯಿಂದಾಗುವ ಹಾನಿಯು ಆ ಒಂದು ಗಳಿಗೆಯದಲ್ಲ. ಅದು ಮುಂದೆ ಬರುವ ನಿಜವಾದ ಸುದ್ದಿಯ ಬೆಲೆಯನ್ನೂ ಕಳೆದುಬಿಡುತ್ತದೆ.

ಇದಾದ ಇಪ್ಪತ್ತನಾಲ್ಕು ವರ್ಷಗಳಿಗೆ, ಅದೇ ದೇಶದವರು, ಈ ಪಾಠವನ್ನು ಎಷ್ಟು ಚೆನ್ನಾಗಿ ಕಲಿತಿದ್ದರೆಂಬುದನ್ನು ೧೯೪೦ರ ಬೇಸಗೆಯು ತೋರಿಸಿತು. ಜರ್ಮನಿಯು ಫ್ರಾನ್ಸನ್ನು ಗೆದ್ದು ಇಂಗ್ಲೆಂಡಿನ ಮೇಲೆ ಆಕಾಶಮಾರ್ಗದಿಂದ ಎರಗಲು ಸಿದ್ಧವಾಗಿದ್ದಿತು. ಡೋವರಿನ ಜಲಸಂಧಿಯನ್ನು ದಾಟಲು ಬಾಂಬಿನ ವಿಮಾನಗಳಿಗೆ ಐದಾರು ನಿಮಿಷ ಸಾಕು. ಇತ್ತ ಯೋಧನು ಓಡಿಹೋಗಿ ವಿಮಾನವನ್ನೇರಿ ೨೦,೦೦೦ ಅಡಿಗಳ ಎತ್ತರವನ್ನು ಮುಟ್ಟಲು ಅದರ ಇಮ್ಮಡಿ ಹೊತ್ತು ಬೇಕು. ಶತ್ರುವು ಕಣ್ಣಿಗೆ ಬಿದ್ದ ಮೇಲೆ ಹೊರಟರೆ ಕೆಲಸ ಕೆಟ್ಟಿತು. ಸದಾಕಾಲವೂ ಆಕಾಶದಲ್ಲಿ ಸುತ್ತುತ್ತ ಕಾದಿರೋಣವೆಂದರೆ ಅಷ್ಟು ವಿಮಾನಗಳಿಲ್ಲ, ಅಷ್ಟು ಯೋಧರಿಲ್ಲ. ಈ ಸಂಕಟದಿಂದ ಪಾರಾದ ಬಗೆಯೇ ಇಲ್ಲಿ ಹೇಳತಕ್ಕ ಮುಖ್ಯ ಕಥೆ.

ಮೊದಲು ಅವರು ಕಿವಿಯನ್ನು ನಂಬಿದ್ದರು. ಕೆಂಟ್ ಪ್ರಾಂತದ ಡೆಂಜ್ ಎಂಬಲ್ಲಿ ಸಮುದ್ರದ ಕಡೆಗೆ ಮುಖಮಾಡಿ ೨೦೦ ಅಡಿ ಉದ್ದದ ಕಾಂಕ್ರೀಟಿನ ಬಾಗಿದ ಗೋಡೆಯೊಂದನ್ನು ಕಟ್ಟಿ, ದೂರದ ವಿಮಾನದ ಶಬ್ದವನ್ನು ಹಿಡಿಯಲು ಯತ್ನಿಸಿದರು. ಆ ಗೋಡೆಯು ಇಂದಿಗೂ ನಿಂತಿದೆ. ವಿಮಾನಗಳ ವೇಗವು ಹೆಚ್ಚಿದಂತೆಲ್ಲ ಆ ಉಪಾಯವು ನಿರರ್ಥಕವಾಯಿತು. ಬಳಿಕ ೧೯೩೫ನೆಯ ಇಸವಿ ಫೆಬ್ರವರಿ ೨೬ರಂದು ಡ್ಯಾವೆಂಟ್ರಿಯ ಬಳಿ ವಾಟ್ಸನ್ ವಾಟ್ ಮತ್ತು ವಿಲ್ಕಿನ್ಸ್ ಎಂಬ ವಿಜ್ಞಾನಿಗಳು, ಆಕಾಶವಾಣಿಯ ಅಲೆಗಳು ಹಾರುವ ವಿಮಾನಕ್ಕೆ ತಾಕಿ ಹಿಂದಿರುಗುವುದನ್ನು ತೋರಿಸಿಕೊಟ್ಟರು. ಸುಮಾರು ಎಂಟು ಮೈಲಿಗಳ ದೂರದವರೆಗೆ ವಿಮಾನವು ಗೊತ್ತಾಯಿತು. ಇದೇ ಮುಂದೆ ರೇಡಾರ್ ಎಂದು ಲೋಕಪ್ರಸಿದ್ಧವಾದ ವಿದ್ಯೆ. ೧೯೩೯ರಲ್ಲಿ ಯುದ್ಧವು ಆರಂಭವಾಗುವ ವೇಳೆಗೆ ಇಂಗ್ಲೆಂಡಿನ ಪೂರ್ವ ಮತ್ತು ದಕ್ಷಿಣ ತೀರಗಳಲ್ಲಿ ಸುಮಾರು ಇಪ್ಪತ್ತು ರೇಡಾರ್ ಠಾಣೆಗಳು ನಿಂತಿದ್ದವು. ಅಲೆಗಳನ್ನು ಕಳುಹಿಸುವ ಉಕ್ಕಿನ ಗೋಪುರಗಳ ಎತ್ತರ ೩೬೦ ಅಡಿ. ಹಿಂದಿರುಗಿದುದನ್ನು ಹಿಡಿಯುವ ಮರದ ಗೋಪುರಗಳ ಎತ್ತರ ೨೪೦ ಅಡಿ.

ಈ ಗೋಪುರಗಳೇ ಇಂಗ್ಲೆಂಡನ್ನು ಉಳಿಸಿದುವೆಂದು ಹಲವರು ಹೇಳುವುದುಂಟು. ಅದು ಪೂರ್ಣ ಸತ್ಯವಲ್ಲ. ಜರ್ಮನರಲ್ಲಿಯೂ ರೇಡಾರ್ ಇದ್ದಿತು. ಅವರ ಫ್ರೈಯಾ, ವ್ಯೂರ್ಟ್ಸ್‌ಬುರ್ಗ್ ಎಂಬ ಯಂತ್ರಗಳು ಕುಶಲತೆಯಲ್ಲಿ ಆಂಗ್ಲರ ಯಂತ್ರಗಳನ್ನು ಮೀರಿಸುವಂಥವು. ಆಂಗ್ಲರ ರೇಡಾರಿಗಾದರೋ ದೋಷಗಳು ಬಹಳ. ಅದು ದೂರವನ್ನು ಸರಿಯಾಗಿ ಹೇಳುತ್ತಿತ್ತು; ದಿಕ್ಕನ್ನು ಹೇಳುವಾಗ ತಪ್ಪುತ್ತಿತ್ತು. ಎತ್ತರದ ಲೆಕ್ಕವು ಅಂದಾಜಿನದು. ವಿಮಾನಗಳ ಸಂಖ್ಯೆಯನ್ನು ಪರದೆಯ ಮೇಲಿನ ಗೆರೆಯು ನಡುಗುವ ರೀತಿಯಿಂದ ಅನುಭವಸ್ಥರು ಊಹಿಸಬೇಕಾಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅದು ನೋಡುತ್ತಿದ್ದುದು ಸಮುದ್ರದ ಕಡೆಗೆ ಮಾತ್ರ. ಶತ್ರುವು ತೀರವನ್ನು ದಾಟಿ ಒಳನಾಡಿಗೆ ಬಂದರೆ ಅದಕ್ಕೆ ಕುರುಡು.

ಹೀಗೆ ಅರೆಗಣ್ಣಿನ ಸಾಕ್ಷಿಗಳನ್ನು ಹಲವು ಕಲೆಹಾಕಿ ಒಂದು ಪೂರ್ಣವಾದ ಚಿತ್ರವನ್ನು ಮಾಡಿ, ಅದನ್ನು ನಿಮಿಷಗಳೊಳಗೆ ಯೋಧನಿಗೆ ಒದಗಿಸಿದುದೇ ಆಂಗ್ಲರ ನಿಜವಾದ ಸಾಧನೆ. ೧೯೩೬ರಲ್ಲಿ ಕಾಳಗದ ವಿಮಾನಗಳ ದಳಕ್ಕೆ ಅಧಿಪತಿಯಾದ ಹ್ಯೂ ಡೌಡಿಂಗ್ ಎಂಬಾತನು ಈ ವ್ಯವಸ್ಥೆಯನ್ನು ಕಟ್ಟಿದನು. ಗೋಪುರಗಳು ಸಿದ್ಧವಾಗುವುದಕ್ಕೆ ಮುಂಚೆಯೇ, ಆ ವರ್ಷದಲ್ಲಿಯೇ, ಬಿಗಿನ್ ಹಿಲ್ ಎಂಬ ನೆಲೆಯಲ್ಲಿ ಟಿಜಾರ್ಡ್ ಎಂಬ ವಿದ್ವಾಂಸನ ಮಾರ್ಗದರ್ಶನದಲ್ಲಿ ಪರೀಕ್ಷೆಗಳು ನಡೆದವು. ಒಂದು ವಿಮಾನವನ್ನು ಶತ್ರುವೆಂದು ಭಾವಿಸಿ, ನೆಲದ ಮೇಲಿಂದ ರೇಡಿಯೋ ಮೂಲಕ ದಿಕ್ಕನ್ನು ಹೇಳಿ ಇನ್ನೊಂದನ್ನು ಅದರ ಎದುರಿಗೆ ತಂದು ನಿಲ್ಲಿಸುವ ಅಭ್ಯಾಸವದು. ಕಣ್ಣು ಹುಟ್ಟುವ ಮೊದಲೇ ಕಂಡುದನ್ನು ಹೇಳುವ ಕ್ರಮವನ್ನು ಕಲಿತರೆಂದರೆ ತಪ್ಪಾಗದು.

ವ್ಯವಸ್ಥೆಯ ರೀತಿ ಹೀಗಿದ್ದಿತು. ಪ್ರತಿಯೊಂದು ರೇಡಾರ್ ಠಾಣೆಯೂ ತಾನು ಕಂಡುದನ್ನು ಟೆಲಿಫೋನಿನ ಮೂಲಕ ಲಂಡನ್ನಿನ ವಾಯವ್ಯಕ್ಕಿರುವ ಬೆಂಟ್ಲಿ ಪ್ರಯರಿ ಎಂಬ ಹಳೆಯ ಮಹಲಿಗೆ ಕಳುಹಿಸುತ್ತಿತ್ತು. ಅಲ್ಲಿ ನೆಲದಡಿಯಲ್ಲಿ ಫಿಲ್ಟರ್ ರೂಮ್, ಎಂದರೆ ಸೋಸುವ ಕೋಣೆ, ಇದ್ದಿತು. ಮಧ್ಯದಲ್ಲಿ ದೊಡ್ಡ ಮೇಜು. ಅದರ ಮೇಲೆ ದೇಶದ ಭೂಪಟ. ಸುತ್ತಲೂ ಕಿವಿಗೆ ಟೆಲಿಫೋನನ್ನು ತೊಟ್ಟ ತರುಣಿಯರು. ಒಂದೇ ಶತ್ರುಸಮೂಹವನ್ನು ಮೂರು ಠಾಣೆಗಳು ಮೂರು ಕಡೆ ಇರುವಂತೆ ಹೇಳುವುದು ಸಾಮಾನ್ಯ. ದಿಕ್ಕಿನ ಮಾತನ್ನು ಬದಿಗಿಟ್ಟು, ದೂರದ ಮಾತನ್ನು ಮಾತ್ರ ಹಿಡಿದು, ಪ್ರತಿಯೊಂದು ಠಾಣೆಯಿಂದಲೂ ಆ ದೂರಕ್ಕೆ ಒಂದು ಕಮಾನನ್ನು ಎಳೆದರೆ ಅವು ಒಂದನ್ನೊಂದು ಕತ್ತರಿಸುವ ಸ್ಥಳವೇ ನಿಜವಾದ ಸ್ಥಳ. ಎರಡು ಠಾಣೆಗಳ ತಪ್ಪು ಸೇರಿ ಮೂರನೆಯ ತಪ್ಪಾಗಲಿಲ್ಲ. ಅವುಗಳ ಸರಿಯಾದ ಅಂಶಗಳು ಸೇರಿ ನಿಜವಾಯಿತು. ನಮ್ಮ ಮನೆಗಳಲ್ಲಿ ಹೆಂಗಸರು ಅಕ್ಕಿಯನ್ನು ಮೊರದಲ್ಲಿಟ್ಟು ಕೇರಿ ಹೊಟ್ಟನ್ನೂ ಜೊಳ್ಳನ್ನೂ ಹಾರಿಸುವ ಕೆಲಸಕ್ಕೂ ಇದಕ್ಕೂ ಭೇದವಿಲ್ಲ. ಕೇರಿದ ತರುವಾಯ ಉಳಿದ ಒಂದೇ ಮಾರ್ಗವನ್ನು ಮಾತ್ರ ಕೆಳಗಿನ ಗ್ರೂಪುಗಳಿಗೂ, ಅವುಗಳ ಅಧೀನದ ಸೆಕ್ಟರುಗಳಿಗೂ ಕೂಡಲೇ ತಿಳಿಸುತ್ತಿದ್ದರು.

ಶತ್ರುವು ತೀರವನ್ನು ದಾಟಿದೊಡನೆ ಎರಡನೆಯ ಸಾಕ್ಷಿಯ ಸರದಿ. ದೇಶಾದ್ಯಂತ ಸುಮಾರು ಸಾವಿರ ಕಾವಲುಠಾಣೆಗಳಲ್ಲಿ ಸುಮಾರು ಮೂವತ್ತು ಸಾವಿರ ಮಂದಿ ವೀಕ್ಷಕರು ಹಗಲಿರುಳು ಆಕಾಶವನ್ನು ನೋಡುತ್ತಿದ್ದರು. ಇವರಲ್ಲಿ ಬಹುಮಂದಿ ತಮ್ಮ ತಮ್ಮ ಕಸುಬಿನ ನಡುವೆ ಬಿಡುವು ಮಾಡಿಕೊಂಡು ಬಂದ ಊರಿನ ಸಾಧಾರಣ ಜನ. ಮೋಡವಿಲ್ಲದಿದ್ದರೆ ದುರ್ಬೀನು, ಮೋಡವಿದ್ದರೆ ಬರಿಯ ಕಿವಿ. ಅವರು ಹೇಳಿದುದು ಅವರ ಕೇಂದ್ರಗಳಲ್ಲಿ ಕೂಡಿ ಅಲ್ಲಿಂದ ಗ್ರೂಪುಗಳಿಗೂ ಸೆಕ್ಟರುಗಳಿಗೂ ಹೋಗುತ್ತಿತ್ತು. ಮೂರನೆಯ ಸಾಕ್ಷಿಯು ಆಂಗ್ಲರ ಸ್ವಂತ ವಿಮಾನಗಳೇ. ಅವುಗಳಲ್ಲಿಯ ಒಂದು ಉಪಕರಣವು ಪ್ರತಿ ನಿಮಿಷದಲ್ಲಿ ೧೪ ಸೆಕೆಂಡುಗಳ ಕಾಲ ತಾನಾಗಿಯೇ ಧ್ವನಿಯನ್ನು ಹೊರಡಿಸುತ್ತಿತ್ತು. ನೆಲದ ಮೇಲಿನ ಕೇಂದ್ರಗಳು ಅದನ್ನು ಹಿಡಿದು ತಮ್ಮವರು ಎಲ್ಲಿರುವರೆಂಬುದನ್ನು ಗುರುತಿಸುತ್ತಿದ್ದವು. ಶತ್ರುವಿನ ಸ್ಥಾನವು ತಿಳಿದು ತನ್ನವನ ಸ್ಥಾನವು ತಿಳಿಯದಿದ್ದರೆ ಇಬ್ಬರನ್ನೂ ಎದುರಾಗಿಸುವುದು ಹೇಗೆ? ಹೀಗೆ ಒಬ್ಬರನ್ನೊಬ್ಬರು ಅರಿಯದ ಮೂವರು ಸಾಕ್ಷಿಗಳ ಮಾತು ಸೆಕ್ಟರಿನ ಮೇಜಿನ ಮೇಲೆ ಒಂದಾಗುತ್ತಿತ್ತು. ಶಾಮಶಾಸ್ತ್ರಿಗಳು ಇದನ್ನು ಕಂಡಿದ್ದರೆ ಚಾಣಕ್ಯನನ್ನು ನೆನೆದು ಮುಗುಳುನಗುತ್ತಿದ್ದರೇನೋ!

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಈ ಕೋಣೆಗಳ ಗೋಡೆಯ ಗಡಿಯಾರಗಳಲ್ಲಿ ಐದೈದು ನಿಮಿಷಗಳಿಗೆ ಒಂದರಂತೆ ಕೆಂಪು, ಹಳದಿ, ನೀಲಿ ಬಣ್ಣಗಳನ್ನು ಬಳಿದಿದ್ದರು. ಯಾವ ಬಣ್ಣದ ಮೇಲೆ ಮುಳ್ಳಿರುವಾಗ ಸುದ್ದಿ ಬಂದಿತೋ ಆ ಬಣ್ಣದ ಬಿಲ್ಲೆಯನ್ನೇ ಭೂಪಟದ ಮೇಲೆ ಇಡತಕ್ಕದ್ದು. ಅಧಿಕಾರಿಯು ಮೇಲಿನಿಂದ ನೋಡಿದೊಡನೆಯೇ ಯಾವ ಸುದ್ದಿ ಹೊಸದು, ಯಾವುದು ಹಳಸಿತು ಎಂಬುದು ತಿಳಿಯುತ್ತಿತ್ತು. ಹಳಸಿದುದನ್ನು ಮೇಜಿನಿಂದ ತೆಗೆದುಬಿಡುತ್ತಿದ್ದರು. ಹತ್ತು ನಿಮಿಷದ ಹಿಂದಿನ ನಿಜವು ಈಗ ಸುಳ್ಳಾಗಿರಬಹುದೆಂಬ ವಿವೇಕವು ಅವರಿಗಿದ್ದಿತು.

ಇಷ್ಟೆಲ್ಲ ಆದಮೇಲೆ ಯೋಧನ ಕಿವಿಗೆ ಬೀಳುತ್ತಿದ್ದುದೇನು? ಮೂರು ನಾಲ್ಕು ಮಾತುಗಳು ಮಾತ್ರ. ‘ವೆಕ್ಟರ್’ ಎಂದು ಒಂದು ಸಂಖ್ಯೆ: ಆ ದಿಕ್ಕಿಗೆ ತಿರುಗು. ‘ಏಂಜಲ್ಸ್ ಹದಿನೈದು’: ಹದಿನೈದು ಸಾವಿರ ಅಡಿಗೆ ಏರು. ‘ಬ್ಯಾಂಡಿಟ್ಸ್’ ಎಂದು ಇನ್ನೊಂದು ಸಂಖ್ಯೆ: ಶತ್ರುಗಳು ಇಷ್ಟು ಮಂದಿ. ಇಪ್ಪತ್ತು ಠಾಣೆಗಳ ಗೊಂದಲವಾಗಲಿ, ಸಾವಿರ ವೀಕ್ಷಕರ ವಾದವಾಗಲಿ ಅವನಿಗೆ ಬೇಕಿರಲಿಲ್ಲ. ಒಂದು ಕೈಯಲ್ಲಿ ವಿಮಾನವನ್ನು ನಡೆಸುತ್ತ, ಎದುರಿಗೆ ಸಾವನ್ನಿಟ್ಟುಕೊಂಡಿರುವವನಿಗೆ ಬೇಕಾದುದು ಪಾಂಡಿತ್ಯವಲ್ಲ. ಅವನ ಪಾಲಿನ ಕರ್ತವ್ಯಕ್ಕೆ ಎಷ್ಟು ಬೇಕೋ ಅಷ್ಟನ್ನೇ, ಅವನ ಭಾಷೆಯಲ್ಲಿ, ವೇಳೆ ಮೀರುವುದಕ್ಕೆ ಮುಂಚೆ ಹೇಳುವುದು. ಇದೇ ಆ ವ್ಯವಸ್ಥೆಯ ಜೀವಾಳ.

ಈ ಪರಿಪಾಕವು ಸುಲಭವಾಗಿ ಬಂದುದಲ್ಲ. ೧೯೩೯ರ ಸೆಪ್ಟೆಂಬರ್ ೬ರಂದು, ಯುದ್ಧವು ಆರಂಭವಾದ ಮೂರನೆಯ ದಿನ, ಇದೇ ವ್ಯವಸ್ಥೆಯು ದಾರುಣವಾಗಿ ತಪ್ಪಿತು. ಶತ್ರುವು ಬರುತ್ತಿರುವನೆಂಬ ಸುದ್ದಿ ಹುಟ್ಟಿತು. ತಡೆಯಲೆಂದು ಹೊರಟ ಸ್ವಪಕ್ಷದ ವಿಮಾನಗಳೇ ರೇಡಾರಿನಲ್ಲಿ ಶತ್ರುಗಳಾಗಿ ತೋರಿದವು. ಅವನ್ನು ತಡೆಯಲು ಇನ್ನಷ್ಟು ಹೊರಟವು. ಶತ್ರುವಿನ ಸಂಖ್ಯೆ ಇನ್ನಷ್ಟು ಹೆಚ್ಚಿದಂತೆ ಕಂಡಿತು. ಕಡೆಗೆ ಸ್ಪಿಟ್‌ಫೈರುಗಳು ತಮ್ಮದೇ ಎರಡು ಹರಿಕೇನ್ ವಿಮಾನಗಳನ್ನು ಹೊಡೆದುರುಳಿಸಿದವು. ಒಬ್ಬ ತರುಣ ಯೋಧನು ಸತ್ತನು. ಆ ಬೆಳಗ್ಗೆ ಶತ್ರುವಿನ ವಿಮಾನ ಒಂದೂ ಬಂದಿರಲಿಲ್ಲ. ಗುಂಡು ಹಾರಿಸಿದ ಇಬ್ಬರನ್ನು ಸೈನಿಕ ನ್ಯಾಯಾಲಯವು ನಿರ್ದೋಷಿಗಳೆಂದು ಬಿಡುಗಡೆ ಮಾಡಿತು, ಅದು ನ್ಯಾಯವೇ. ಅವರು ತಮಗೆ ಹೇಳಿದುದನ್ನು ನಂಬಿ ನಡೆದವರು. ಹಲವು ಕಣ್ಣುಗಳನ್ನು ಒಂದುಗೂಡಿಸುವ ಯಂತ್ರವು ಹಲವು ಭ್ರಾಂತಿಗಳನ್ನೂ ಒಂದುಗೂಡಿಸಬಲ್ಲದು. ಸ್ವಪಕ್ಷದವರನ್ನು ಗುರುತಿಸುವ ಉಪಾಯವನ್ನು ಮುಂದೆ ತ್ವರೆಯಿಂದ ಬಲಪಡಿಸಿದರು. ಮರುವರ್ಷದ ಬೇಸಗೆಯಲ್ಲಿ ಅದು ಫಲಕೊಟ್ಟಿತು.

೧೯೪೦ರ ಆಗಸ್ಟ್ ೧೨ರಂದು ಜರ್ಮನರು ಡೋವರ್, ರೈ, ಪೆವೆನ್ಸಿ, ವೆಂಟ್ನರ್ ಠಾಣೆಗಳ ಮೇಲೆ ಬಾಂಬುಗಳನ್ನು ಸುರಿಸಿದರು. ವೆಂಟ್ನರ್ ಹಲವು ದಿನ ಕುರುಡಾಯಿತು. ಉಳಿದ ಮೂರು ಕೆಲವು ಗಂಟೆಗಳಲ್ಲಿ ಮತ್ತೆ ಕಣ್ಣು ತೆರೆದವು. ಗೋಪುರಗಳು ಬೀಳದಿರುವುದನ್ನು ಕಂಡು, ಅವುಗಳ ಮೇಲೆ ದಾಳಿಮಾಡುವುದು ವ್ಯರ್ಥವೆಂದು ಜರ್ಮನ್ ವಾಯುಸೇನೆಯ ಮುಖ್ಯಸ್ಥ ಗೋರಿಂಗನು ಮೂರೇ ದಿನಗಳಲ್ಲಿ ತೀರ್ಮಾನಿಸಿದನು. ಗೋಪುರದ ಹಿಂದೆ ಟೆಲಿಫೋನ್ ತಂತಿಗಳೂ, ತಂತಿಗಳ ಕೊನೆಯಲ್ಲಿ ಸೋಸುವ ಕೋಣೆಯೂ, ಅದರ ಕೊನೆಯಲ್ಲಿ ಯೋಧನ ಕಿವಿಯೂ ಇರುವುದು ಅವನ ಬುದ್ಧಿಗೆ ಹೊಳೆಯಲಿಲ್ಲ. ಬಿಗಿನ್ ಹಿಲ್ ನೆಲೆಯ ಮೇಲೆ ಬಾಂಬುಗಳು ಬೀಳುತ್ತಿದ್ದಾಗಲೂ ಟೆಲಿಫೋನನ್ನು ಬಿಟ್ಟೇಳದ ಸ್ತ್ರೀಯರಿಗೆ ಮಿಲಿಟರಿ ಮೆಡಲ್ ಎಂಬ ಶೌರ್ಯಪದಕವು ದೊರೆಯಿತು. ಅವರ ಕೈಯಲ್ಲಿ ಆಯುಧವಿರಲಿಲ್ಲ. ಆದರೆ ಅವರು ಕೈಬಿಟ್ಟಿದ್ದರೆ ಆಯುಧವಿದ್ದವರು ಕುರುಡರಾಗುತ್ತಿದ್ದರು. ಆ ಯುದ್ಧದಲ್ಲಿ ಬ್ರಿಟಿಷರ ಕಡೆ ಹಾರಿದವರು ಸುಮಾರು ಮೂರು ಸಾವಿರ ಮಂದಿ. ಅವರಲ್ಲಿ ಮಡಿದವರು ೫೪೪. ಸುದ್ದಿಯು ಮುಟ್ಟದೆ ಹೋಗಿದ್ದರೆ ಆ ಸಂಖ್ಯೆಯು ಎಷ್ಟಾಗುತ್ತಿತ್ತೆಂಬುದನ್ನು ಊಹಿಸುವುದೂ ಕಷ್ಟ.

ಈ ಜಾಗರೂಕರಾದ ಜನರೂ ಒಂದೆಡೆ ಎಡವಿದರು. ಸೆಪ್ಟೆಂಬರ್ ೧೫ರ ಮಹಾಕಾಳಗದಲ್ಲಿ ೧೮೫ ಶತ್ರುವಿಮಾನಗಳನ್ನು ಉರುಳಿಸಿದೆವೆಂದು ಸಾರಿದರು. ಯುದ್ಧಾನಂತರ ಲೆಕ್ಕವನ್ನು ತೆಗೆದು ನೋಡಲು, ಬಿದ್ದವು ಸುಮಾರು ಅರುವತ್ತು. ಶತ್ರುವಿನ ಬರವಿನ ಸುದ್ದಿಯನ್ನು ಸೋಸಿದವರು ತಮ್ಮ ಗೆಲವಿನ ಸುದ್ದಿಯನ್ನು ಸೋಸಲಿಲ್ಲ. ಇದು ಮನುಷ್ಯಸ್ವಭಾವ.

ಇಂಗ್ಲೆಂಡಿನಲ್ಲಿ ಹೀಗೆ ಸಿದ್ಧಿಸಿದ ಕಾರ್ಯವು ಬೇರೆಡೆಗಳಲ್ಲಿ ಸಿದ್ಧಿಸದೆಹೋದುದಕ್ಕೆ ಒಂದು ನಿದರ್ಶನವನ್ನು ಕೊಡುವೆನು. ೧೯೪೧ನೆಯ ಇಸವಿ ಡಿಸೆಂಬರ್ ೭ರ ಪ್ರಾತಃಕಾಲ, ಪೆಸಿಫಿಕ್ ಸಾಗರದ ಒಆಹು ದ್ವೀಪದ ಒಪಾನಾ ಎಂಬಲ್ಲಿ ಇಬ್ಬರು ಅಮೆರಿಕದ ಸೈನಿಕರು ರೇಡಾರ್ ಪರದೆಯನ್ನು ನೋಡುತ್ತಿದ್ದರು. ಏಳು ಗಂಟೆಗೆ ಅವರ ಕೆಲಸ ಮುಗಿಯಬೇಕಾಗಿತ್ತು. ಅದು ಕಳೆದು ಒಂದೆರಡು ನಿಮಿಷಗಳಲ್ಲಿ, ಸುಮಾರು ೧೩೦ ಮೈಲಿಗಳ ದೂರದಲ್ಲಿ, ಅವರು ಹಿಂದೆಂದೂ ಕಂಡರಿಯದಷ್ಟು ದೊಡ್ಡ ವಿಮಾನಸಮೂಹವು ತೋರಿತು. ಟೆಲಿಫೋನಿನಲ್ಲಿ ಕೇಂದ್ರಕ್ಕೆ ತಿಳಿಸಿದರು. ಕೇಂದ್ರದಲ್ಲಿ ಸುದ್ದಿಯನ್ನು ಕಲೆಹಾಕುವ ಸಿಬ್ಬಂದಿ ಆಗಲೇ ಉಪಾಹಾರಕ್ಕೆ ಹೋಗಿದ್ದಿತು. ಉಳಿದಿದ್ದ ಅಧಿಕಾರಿಗೆ ಆ ಕೆಲಸವು ಹೊಸದು. ಅಮೆರಿಕದ ದೊಡ್ಡ ವಿಮಾನಗಳು ಕೆಲವು ಅಂದು ಬರುವುವೆಂಬುದು ಅವನ ಊಹೆ. ಅವು ನಿಜವಾಗಿಯೂ ಬರತಕ್ಕವೇ ಆಗಿದ್ದವು. ಚಿಂತಿಸಬೇಡಿರೆಂದು ಅವನು ಹೇಳಿದನು. ಒಂದು ಗಂಟೆಯೊಳಗೆ ಪರ್ಲ್ ಹಾರ್ಬರಿನ ಮೇಲೆ ಜಪಾನೀಯರ ಬಾಂಬುಗಳು ಬಿದ್ದವು. ೨,೪೦೩ ಮಂದಿ ಅಮೆರಿಕನರು ಮಡಿದರು. ಕಣ್ಣು ಇದ್ದಿತು, ಕಂಡಿತು, ಕಂಡುದನ್ನು ಹೇಳಿತು. ಆದರೆ ಆ ಮಾತನ್ನು ಇತರ ಮಾತುಗಳೊಡನೆ ಹೋಲಿಸಿನೋಡಿ ಮುಂದಕ್ಕೆ ದಾಟಿಸುವ ಮನೆಯು ಬರಿದಾಗಿದ್ದಿತು.

ಅಂದಿನಿಂದ ಇಂದಿಗೆ ಯಂತ್ರಗಳು ಬಹುವಾಗಿ ಬೆಳೆದಿವೆ. ಅಂದು ನೂರಾರು ತರುಣಿಯರು ಬಿಲ್ಲೆಗಳನ್ನು ಸರಿಸಿ ಮಾಡುತ್ತಿದ್ದುದನ್ನು ಇಂದು ಗಣಕಯಂತ್ರಗಳು ಕ್ಷಣಾರ್ಧದಲ್ಲಿ ಮಾಡುತ್ತವೆ. ಕೃತಕ ಉಪಗ್ರಹಗಳೂ, ವಿಮಾನದ ಮೇಲಿನ ರೇಡಾರುಗಳೂ, ನೆಲದ ಮೇಲಿನ ಯಂತ್ರಗಳೂ ಕಂಡುದನ್ನು ಒಂದೇ ಚಿತ್ರವಾಗಿ ಹೆಣೆದು ರಣರಂಗದಲ್ಲಿರುವವರಿಗೆ ತೋರಿಸುವ ವ್ಯವಸ್ಥೆಗಳು ಹಲವು ದೇಶಗಳಲ್ಲಿವೆ. ಈ ವಿದ್ಯೆಯಲ್ಲಿ ನಮ್ಮ ಬೆಂಗಳೂರಿಗೂ ಪಾಲುಂಟು. ಅಲ್ಲಿಯ ರಕ್ಷಣಾ ಸಂಶೋಧನಾಲಯಗಳಲ್ಲಿ ರೂಪುಗೊಂಡ ‘ನೇತ್ರ’ ಎಂಬ, ಆಕಾಶದಿಂದಲೇ ಕಾವಲು ಕಾಯುವ ವಿಮಾನವನ್ನು ೨೦೧೭ರ ಫೆಬ್ರವರಿಯಲ್ಲಿ ಭಾರತೀಯ ವಾಯುಸೇನೆಗೆ ಒಪ್ಪಿಸಿದರು. ೧೯೫೪ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಗೆ ೨೦೨೩ರ ಮಾರ್ಚಿಯಲ್ಲಿ ಸೈನ್ಯದ ವಾಯುರಕ್ಷಣೆಗಾಗಿ ‘ಆಕಾಶತೀರ್’ ಎಂಬ ವ್ಯವಸ್ಥೆಯನ್ನು ಒದಗಿಸುವ ಕಾರ್ಯವನ್ನು ವಹಿಸಿದರು. ಹಲವು ರೇಡಾರುಗಳು ಕಂಡುದನ್ನು ಒಂದುಗೂಡಿಸಿ ಫಿರಂಗಿಯ ಬಳಿ ನಿಂತವನವರೆಗೆ ಮುಟ್ಟಿಸುವುದೇ ಅದರ ಕೆಲಸ. ಡೌಡಿಂಗನ ಮೇಜಿನ ವಂಶದ ಕುಡಿಗಳಿವು.

ಆದರೂ ಯಂತ್ರವು ಬೆಳೆದ ಮಾತ್ರಕ್ಕೆ ವಿವೇಕವು ತಾನಾಗಿ ಬೆಳೆಯುವುದಿಲ್ಲ. ೧೯೮೮ನೆಯ ಇಸವಿ ಜುಲೈ ೩ರಂದು ಪಾರಸೀಕ ಖಾರಿಯಲ್ಲಿ ವಿನ್ಸೆನ್ಸ್ ಎಂಬ ಅಮೆರಿಕದ ಯುದ್ಧನೌಕೆಯು ಇರಾನಿನ ಪ್ರಯಾಣಿಕರ ವಿಮಾನವೊಂದನ್ನು ಹೊಡೆದುರುಳಿಸಿತು. ಆ ಕಾಲಕ್ಕೆ ಅತ್ಯುತ್ತಮವೆನಿಸಿದ ಯಂತ್ರವ್ಯವಸ್ಥೆಯು ಆ ನೌಕೆಯಲ್ಲಿದ್ದಿತು. ವಿಮಾನವು ಮೇಲಕ್ಕೇರುತ್ತಿರುವುದನ್ನು ಆ ಯಂತ್ರವು ಸರಿಯಾಗಿಯೇ ದಾಖಲೆಮಾಡಿತ್ತು. ಆದರೆ ನೌಕೆಯಲ್ಲಿದ್ದವರು, ಸಣ್ಣ ದೋಣಿಗಳೊಡನೆ ಕಾಳಗ ನಡೆದಿದ್ದ ಆ ಉದ್ವೇಗದಲ್ಲಿ, ಅದು ತಮ್ಮ ಮೇಲೆ ಇಳಿದುಬರುತ್ತಿರುವ ಯುದ್ಧವಿಮಾನವೆಂದು ನಂಬಿದರು. ೨೯೦ ಮಂದಿ ನಿರಪರಾಧಿಗಳು ಜೀವವನ್ನು ಕಳೆದುಕೊಂಡರು. ಸುದ್ದಿಯು ಯೋಧನ ಕಣ್ಣೆದುರಿಗೇ ಇದ್ದಿತು. ಅವನ ಬುದ್ಧಿಗೆ ಮುಟ್ಟಲಿಲ್ಲ. ಮುಟ್ಟಿಸುವುದೆಂದರೆ ಕೈಗೆ ಕೊಡುವುದಷ್ಟೇ ಅಲ್ಲ, ಮನಸ್ಸಿಗೆ ಹತ್ತುವಂತೆ ಕೊಡುವುದು ಎಂಬುದನ್ನು ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನನ್ನಂಥವನಿಗೆ ಹೆಚ್ಚಾಗಿ ವಿವರಿಸಬೇಕಿಲ್ಲ. ಹೇಳಿದೆನೆಂಬುದು ನನ್ನ ಸಮಾಧಾನ; ತಿಳಿಯಿತೋ ಇಲ್ಲವೋ ಎಂಬುದು ಪರೀಕ್ಷೆಯ ದಿನ ಗೊತ್ತಾಗುತ್ತಿತ್ತು. ರಣರಂಗದ ಪರೀಕ್ಷೆಯಲ್ಲಿ ಎರಡನೆಯ ಬಾರಿ ಕುಳಿತುಕೊಳ್ಳುವ ಅವಕಾಶವಿಲ್ಲ.

ಯುದ್ಧವನ್ನು ಹೊಗಳುವುದು ಈ ಲೇಖನದ ಉದ್ದೇಶವಲ್ಲ. ಯುದ್ಧವಿಲ್ಲದ ಲೋಕವನ್ನೇ ಸಜ್ಜನರೆಲ್ಲರೂ ಬಯಸತಕ್ಕದ್ದು. ಆದರೆ ಯುದ್ಧವು ಒದಗಿದಾಗ ತರುಣರನ್ನು ಮುಂದೆ ಕಳುಹಿಸುವವರ ಮೇಲೆ ಒಂದು ಋಣವಿದೆ. ತಾವು ಬಲ್ಲುದನ್ನು ಅವರಿಗೆ ತಿಳಿಸದೆ ಕಳುಹಿಸುವುದು, ಅಥವಾ ಶೋಧಿಸದ ಸುದ್ದಿಯನ್ನು ಅವರ ಕೈಗೆ ಕೊಟ್ಟು ಕಳುಹಿಸುವುದು, ಇವೆರಡೂ ಆಯುಧವಿಲ್ಲದೆ ಕಳುಹಿಸಿದುದಕ್ಕೆ ಸಮಾನ. ಆ ತಪ್ಪಿನ ಬೆಲೆಯನ್ನು ತೆರುವವರು ಕೋಣೆಯಲ್ಲಿ ಕುಳಿತವರಲ್ಲ. ತೆರುವವನು ಬಯಲಿನಲ್ಲಿ ನಿಂತವನು. ಒಮ್ಮೊಮ್ಮೆ ಆ ದಾರಿಯಲ್ಲಿ ಹಾರಿಹೋಗುತ್ತಿದ್ದ ನಿರಪರಾಧಿ.

ಸಂಜಯನ ಕಥೆಯ ಕೊನೆಯನ್ನು ಎಲ್ಲರೂ ನೆನಪಿಡುವುದಿಲ್ಲ. ದುರ್ಯೋಧನನು ಪ್ರಾಣಬಿಟ್ಟ ದಿನವೇ ಆ ದಿವ್ಯದೃಷ್ಟಿಯು ತನ್ನನ್ನು ಬಿಟ್ಟುಹೋಯಿತೆಂದು ಸೌಪ್ತಿಕಪರ್ವದಲ್ಲಿ ಸಂಜಯನು ಅರಸನಿಗೆ ಹೇಳುತ್ತಾನೆ. ಹದಿನೆಂಟು ದಿನ ಎಲ್ಲವನ್ನೂ ಕಂಡ ಕಣ್ಣು ಯಾರೊಬ್ಬನನ್ನೂ ಉಳಿಸದೆ ಮುಚ್ಚಿಕೊಂಡಿತು. ನೂರು ಮಕ್ಕಳನ್ನು ಕಳೆದುಕೊಂಡ ಮುದಿ ತಂದೆಯ ಬಳಿಯಲ್ಲಿ ಉಳಿದುದು ಕಥೆ ಮಾತ್ರ.